ಎಂಬತ್ತೊಂದನೆಯ ಗುಡ್ಡೆ

ಡ್ರಮ್ಮನ್ನು ಉದ್ದಕ್ಕೆ ಸೀಳಬೇಕೋ ಅಡ್ಡಕ್ಕೆ ಸೀಳಬೇಕೋ ಎಂದು ಕೇಳಲು ಹೋದವಳಿಗೆ ವೆಲ್ಡಿಂಗ್ ಅಂಗಡಿಯವನು ಡ್ರಮ್ಮನ್ನೇ ಮುಟ್ಟುವುದಿಲ್ಲ ಎಂದುಬಿಟ್ಟ. ನಂಜನಗೂಡಿನ ಗುಜರಿಯಲ್ಲಿ ಅರ್ಧ ದಿನ ಹುಡುಕಿ ಆರಿಸಿ ತಂದಿದ್ದ ನೀಲಿ ಡ್ರಮ್ಮು ಅದು. ಅವನು ಬಾಯಿ ತೆಗೆದು ಮೂಸಿ ನೋಡಿ, ಮೂಗು ಸಿಂಡರಿಸಿ ಪಕ್ಕಕ್ಕೆ ಉರುಳಿಸಿದ.

"ಅಕ್ಕ, ಇದು ಕೆಮಿಕಲ್ ತುಂಬಿದ್ ಡ್ರಮ್ಮು. ಇದ್ರಲ್ಲಿ ಬಾಡು ಸುಟ್ಟು ಯಾರ್ಗ್ ಉಣ್ಣಿಸ್ಬೇಕು ಅಂತಿದ್ದೀಯ?"

"ಚೆನ್ನಾಗ್ ತೊಳ್ಕೊತೀನಿ ಬುಡಪ್ಪ."

"ತೊಳುದ್ರ ಓಗಲ್ಲ ಕಣಕ್ಕ. ಅಡ್ಗೆ ಎಣ್ಣೆ ಡ್ರಮ್ಮು ತಕ್ಕೊ ಬಾ, ಸೀಳ್ಕೊಡ್ತೀನಿ."

ಅವನಿಗೆ ಶಾಪ ಹಾಕುತ್ತಲೇ ಮನೆಗೆ ಬಂದೆ. ಈಗ ಆ ದಾರಿಯಲ್ಲಿ ಹೋದರೆ ಅವನಿಗೊಂದು ಟೀ ಕೊಡಿಸದೆ ಮುಂದೆ ಹೋಗುವುದಿಲ್ಲ. ಎಣ್ಣೆ ಡ್ರಮ್ಮು ಸಿಕ್ಕ ಮೇಲೆ ಅವನೇ ಅದನ್ನು ಉದ್ದಕ್ಕೆ ಸೀಳಿ ಎರಡು ತೊಟ್ಟಿ ಮಾಡಿದ. ನನ್ನನ್ನು ನಿಲ್ಲಿಸಿ ಸೊಂಟದ ಎತ್ತರ ಅಳೆದು ಕಾಲು ಕೂರಿಸಿದ, ಗಾಳಿಯಾಡಲು ತಳದಲ್ಲಿ ತೂತು ಕೊರೆದ. ಜಾಲರಿಗೆ ಹೊಳೆಯುವ ತಂತಿ ಬೇಡ, ಕಾದರೆ ಅದರ ಲೇಪ ಮಾಂಸಕ್ಕೆ ಇಳಿಯುತ್ತದೆ ಎಂದು ಬರೀ ಕಬ್ಬಿಣದ ಸರಳು ಹಾಕಿದ. ಒಂದಿಡೀ ದಿನ ಖಾಲಿ ತೊಟ್ಟಿಯಲ್ಲಿ ಸೌದೆ ಉರಿಸಿ ಬಣ್ಣವನ್ನೆಲ್ಲ ಸುಟ್ಟೆ.

ಬೆಂಕಿ ನನಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಹಬ್ಬಕ್ಕೆ ಕುರಿ ಕೊಯ್ದರೆ ತಲೆ ಕಾಲು ಸುಡುತ್ತಿದ್ದುದು ನಮ್ಮವ್ವ. ಗುಡ್ಡೆಬಾಡು ಎಂದರೆ ಗೊತ್ತಲ್ಲ, ಹತ್ತಿಪ್ಪತ್ತು ಮನೆಯವರು ಸೇರಿ ಕುರಿ ಕೊಂಡು, ಕೊಯ್ದು, ಎಲೆಯ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಒಂದೊಂದು ಗುಡ್ಡೆಯಲ್ಲೂ ಮೂಳೆ, ಮೆತ್ತನೆ ಬಾಡು, ಕೊಬ್ಬು, ಲಿವರ್, ಎಲ್ಲವೂ ಸಮ ಇರಬೇಕು. ಗುಡ್ಡೆ ಹಾಕುವವನು ತನ್ನ ಪಾಲನ್ನು ಕಟ್ಟಕಡೆಗೆ ಎತ್ತಿಕೊಳ್ಳುತ್ತಾನೆ, ಹಾಗಾಗಿ ಯಾರೂ ಅವನ ಕೈಯನ್ನು ಅನುಮಾನಿಸುವುದಿಲ್ಲ. ಕುರಿಗೆ ಪಾಲು ಹಾಕಲು ನಮ್ಮಲ್ಲಿ ಏನೂ ಇರಲಿಲ್ಲ, ಆದ್ದರಿಂದ ಅವ್ವನಿಗೆ ಗುಡ್ಡೆ ಇರುತ್ತಿರಲಿಲ್ಲ. ಅಷ್ಟು ಹೊತ್ತು ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಸುಟ್ಟು, ಕೆರೆದು, ಅರಿಸಿನ ಹಚ್ಚಿ ಕೊಟ್ಟವಳಿಗೆ ಎಲ್ಲರೂ ಎತ್ತಿಕೊಂಡ ಮೇಲೆ ಎಲೆಯಲ್ಲಿ ಅಂಟಿದ ಚೂರು. ಅದನ್ನು ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ನಾವು ಮಕ್ಕಳು ಅದನ್ನೇ ಹಬ್ಬ ಎಂದುಕೊಂಡು ಕುಣಿಯುತ್ತಿದ್ದೆವು.

ಈಗ ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಮನೆ ಬಾಗಿಲಲ್ಲೇ ಬಾರ್ಬೆಕ್ಯೂ ಮಾಡಿ ಮಾರಬೇಕೆಂದು ನಾನು ಹೊರಟಿದ್ದೆ, ಆ ಹೆಸರು ಅವಳ ನಾಲಿಗೆಗೆ ಹತ್ತಲಿಲ್ಲ. ಸುಟ್ಟಬಾಡು ಎಂದೇ ಕರೆದಳು, ಕೊನೆಗೆ ಬೋರ್ಡಿನಲ್ಲೂ ನಾನು ಅದನ್ನೇ ಬರೆಸಿದೆ.

ಮೊದಲ ತಪ್ಪು ಸೌದೆಯದು. ತಿ. ನರಸೀಪುರದ ಕಡೆ ನನ್ನ ಗೆಳತಿಯೊಬ್ಬಳಿದ್ದಾಳೆ. ಹಿಂದೆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಬಿಸಿನೀರಿನಲ್ಲಿ ರೇಷ್ಮೆಗೂಡು ಬಿಚ್ಚುತ್ತಿದ್ದವರು. ಈಗ ಅವಳ ಮನೆಯಲ್ಲಿ ಹುಳು ಸಾಕುತ್ತಾರೆ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತದೆ, ಆ ಕಡೆ ಎಷ್ಟೋ ಮನೆಯ ಒಲೆ ಉರಿಯುವುದೇ ಅದರಲ್ಲಿ. ಹಿಪ್ಪುನೇರಳೆ ಹೊಗೆ ಮಾಂಸಕ್ಕೆ ಬಹಳ ಚೆನ್ನಾಗಿ ಹತ್ತುತ್ತದೆಂದು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದೆ. ನಮ್ಮ ಸೀಮೆಯಲ್ಲಿ ಬಿಟ್ಟಿ ಬಿದ್ದಿರುವ ವಸ್ತು! ಎರಡು ಹೊರೆ ತರಿಸಿಕೊಂಡು ತೊಟ್ಟಿಗೆ ತುಂಬಿದೆ. ಪಾತ್ರೆಯ ಕೆಳಗೆ ಉರಿಯುವಾಗ ಯಾರಿಗೂ ಗೊತ್ತಾಗದ ಸಂಗತಿ ಕೋಳಿ ನೇರ ಹೊಗೆಯಲ್ಲಿ ಕೂತಾಗ ಗೊತ್ತಾಯಿತು. ಆ ಕಡ್ಡಿಗೆ ಹುಳುವಿನ ಹಿಕ್ಕೆ, ಸುಣ್ಣ, ಹುಳುವಿನ ಮೇಲೆ ಉದುರಿಸುವ ಔಷಧಿ ಪುಡಿ ಎಲ್ಲ ಮೆತ್ತಿಕೊಂಡಿರುತ್ತದೆ.

ಅವ್ವ ಒಂದು ಚೂರು ಬಾಯಿಗಿಟ್ಟು ಹಾಗೇ ಉಗಿದಳು. "ಉಳಿನ್ ಮನೇಲಿ ಕುಂತ್ಕೊಂಡು ಉಣ್ತಾ ಇದ್ದಂಗದ ಕಣವ್ವ. ಇದ್ನ ನಾಯಿನೂ ಮೂಸಲ್ಲ."

"ಇಪ್ಪನೇಳೆ ಅಂದ್ರ ಒಳ್ಳೇ ಒಗೆ ಅಂತ ಯೋಳುದ್ರು ಕಣವ್ವ."

"ಒಳ್ಳೇದೇಯ. ಕಡ್ಡಿ ಬ್ಯಾಡ, ಬೊಡ್ಡೆ ತಕ್ಕೊ ಬಾ. ಕಿತ್ತಾಕಿರೋ ಅಳೇ ತೋಟುದ್ದು. ಒಂದ್ ಬ್ಯಾಸ್ಗೆ ಒಣಗಿರ್ಬೇಕು."

ಗೆಳತಿಗೆ ಫೋನ್ ಮಾಡಿ ಹೇಳಿದರೆ ಅವಳು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಹೋದ ವರ್ಷ ಕಿತ್ತ ಹಳೆಯ ತೋಟದ ಬೊಡ್ಡೆಗಳನ್ನು ಮಣ್ಣು ಕೊಡವಿ ಲಗೇಜ್ ಆಟೋದಲ್ಲಿ ಕಳಿಸಿದಳು. ನಾನು ಕೇಳಿದ್ದು ಒಂದು ಮೂಟೆ, ಬಂದದ್ದು ಆರು.

ಎರಡನೆಯ ತಪ್ಪು ನನ್ನ ಕೈಯದು. ತಲೆ ಕಾಲು ಸುಡುವುದನ್ನು ನೋಡಿ ಬೆಳೆದ ಕೈಗೆ ಉರಿಯಲ್ಲಿ ಹಿಡಿದು ತಿರುಗಿಸುವುದೊಂದೇ ಗೊತ್ತು. ಕೋಳಿಯ ಮೇಲ್ಮೈ ಕರಿ ಹಿಡಿಯಿತು, ಮೂಳೆಯ ಬಳಿ ರಕ್ತ ಹಾಗೇ ಇತ್ತು. ನಮ್ಮೆಜಮಾನರು ಮಾತು ಕಡಿಮೆಯ ಮನುಷ್ಯ. ಸುಮ್ಮನೆ ಎರಡು ಸಲ ಕಚ್ಚಿ, ತಟ್ಟೆ ಕೆಳಗಿಟ್ಟು, "ಒಳಗ ಇನ್ನೂ ಕೂಗ್ತಾ ಅದ" ಎಂದರು. ನನಗೆ ಕೋಪವೂ ಬಂತು, ನಗುವೂ ಬಂತು.

ಆಮೇಲೆ ಒಂದು ತಿಂಗಳು ವಾರಕ್ಕೆ ಮೂರು ಸಲ ಸುಟ್ಟೆ. ಕೆಟ್ಟದ್ದೆಲ್ಲ ನಮ್ಮ ಮನೆಯವರ ಹೊಟ್ಟೆಗೇ ಹೋಯಿತು, ಪಾಪ. ಹುಣಸೆ ಇದ್ದಿಲನ್ನು ಉರಿಸಿ ಬೂದಿ ಮುಚ್ಚುವವರೆಗೆ ಕಾಯಬೇಕು. ಕೆಂಡವನ್ನೆಲ್ಲ ತೊಟ್ಟಿಯ ಒಂದು ಮಗ್ಗುಲಿಗೆ ಎಳೆದು, ಕೋಳಿಯನ್ನು ಇನ್ನೊಂದು ಮಗ್ಗುಲಿಗೆ ಇಟ್ಟು, ಮೇಲೆ ಕಬ್ಬಿಣದ ತಗಡು ಮುಚ್ಚಬೇಕು. ಹಿಪ್ಪುನೇರಳೆ ಬೊಡ್ಡೆಯ ಎರಡೇ ತುಂಡು ಕೆಂಡದ ಅಂಚಿಗೆ ಇಟ್ಟರೆ ಸಾಕು, ಹೊಗೆ ತೆಳ್ಳಗೆ ಏಳುತ್ತದೆ. ಮುಕ್ಕಾಲು ಬೆಂದ ಮೇಲೆ ಕೋಳಿಯನ್ನು ಕೆಂಡದ ಮೇಲಕ್ಕೆ ತಂದು ಚರ್ಮ ಕೆಂಪಗೆ ಮಾಡಬೇಕು. ಬಿಸಿ ನೋಡಲು ಎಲ್ಲರೂ ಅಂಗೈ ಹಿಡಿಯುತ್ತಾರೆ. ಗೂಡು ಬಿಚ್ಚಿ ಬಿಚ್ಚಿ ನನ್ನ ಬೆರಳುಗಳಿಗೆ ಬಿಸಿ ತಿಳಿಯುವುದೇ ಇಲ್ಲ, ನಾನು ಮಣಿಕಟ್ಟಿನ ಹಿಂಭಾಗ ಹಿಡಿಯುತ್ತೇನೆ. ಐದು ಎಣಿಸುವವರೆಗೆ ತಡೆದುಕೊಳ್ಳಲು ಆದರೆ ಹದ. ಕೋಳಿಯನ್ನು ನಾಲ್ಕು ಕಾಲ್ಭಾಗಗಳಾಗಿ ಕೊಯ್ದು, ಮೂಳೆ ಮುಟ್ಟುವಂತೆ ಗೀರಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಮೆಣಸು, ಕಲ್ಲುಪ್ಪು ರುಬ್ಬಿ ಹಚ್ಚಿ ಹಿಂದಿನ ದಿನವೇ ನೆನೆಸಬೇಕು. ಬಾಳೆಲೆಯ ದಂಟಿನ ತುದಿ ಜಜ್ಜಿ ಅದರಿಂದಲೇ ಕಡಲೆಕಾಯಿ ಎಣ್ಣೆ ಬಳಿಯುತ್ತೇನೆ.

ಬಾಗಿಲ ಮುಂದೆ ಮಾರಾಟ ಶುರುವಾಗಿ ಎರಡು ತಿಂಗಳಾಗಿತ್ತಷ್ಟೆ. ಗೆಳತಿ ಮನೆಗೆ ಬಂದಳು. ಅವಳ ಮಗಳ ಮದುವೆ ಬುದ್ಧ ವಿಹಾರದಲ್ಲಿ ಸರಳವಾಗಿ ಮುಗಿದಿತ್ತು. ಗಂಡಿನ ಕಡೆಯವರು ಕವಲಂದೆಯವರು. ಇನ್ನು ಹೆಣ್ಣಿನ ಮನೆಯಲ್ಲಿ ಬೀಗರಿಗೆ ಬಾಡೂಟ ಹಾಕಬೇಕು.

"ಮುದ್ದೆ, ಸಾರು, ಫ್ರೈ ಎಲ್ಲಾನೂ ಅಡ್ಗೆಯೋರು ಮಾಡ್ತಾರ. ಸುಟ್ಟಬಾಡು ನೀನೇ ಮಾಡ್ಬೇಕಂತ ಮಗ್ಳು ಅಟ ಇಡ್ದವಳ."

"ನಾನಿನ್ನೂ ಕಲೀತಾ ಇವ್ನಿ ಕಣ. ಅಷ್ಟ್ ಜನುಕ್ಕ ಮಾಡೇ ಇಲ್ಲ."

"ಮಾಡು. ನನ್ ಮಗ್ಳ ಮಾನ ನಿನ್ ಕೈಲಿ ಮಡಗ್ತಾ ಇವ್ನಿ, ಅಷ್ಟೇಯ."

ಗಂಡ ಇಲ್ಲದೆ ಒಬ್ಬಳೇ ಬೆಳೆಸಿದ ಮಗಳು. ಬೀಗರೂಟದ ದಿನ ಎಲೆಯ ಮುಂದೆ ಬೀಗರ ಮನಸ್ಸಿಗೆ ಏನಾದರೂ ಚುಚ್ಚಿದರೆ ಅದನ್ನು ಆ ಹುಡುಗಿ ಅತ್ತೆಯ ಮನೆಯಲ್ಲಿ ಎಷ್ಟೋ ವರ್ಷ ಕೇಳಬೇಕಾಗುತ್ತದೆ. ಇದು ನನಗೂ ಗೊತ್ತು, ಅವಳಿಗೂ ಗೊತ್ತು. ಬೇಡ ಎನ್ನಬೇಕಿತ್ತು. ಹೂಂ ಅಂದೆ.

ಭಾನುವಾರ ಬೆಳಿಗ್ಗೆಯೇ ತೊಟ್ಟಿಗಳನ್ನು ಲಗೇಜ್ ಆಟೋಗೆ ಹೇರಿಕೊಂಡು ನಾನೂ ನಮ್ಮೆಜಮಾನರೂ ಹೋದೆವು. ಗೆಳತಿಯ ಮನೆ ಪಕ್ಕದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಒಂದು ಪಂಕ್ತಿಗೆ ಎಂಬತ್ತು ಜನ, ಎದುರುಬದುರು ನಲವತ್ತು ನಲವತ್ತು ಎಲೆ. ಮೊದಲ ಪಂಕ್ತಿಯಲ್ಲಿ ಪೂರ್ತಿ ಬೀಗರು.

ಬೀಗರಲ್ಲಿ ಎಲ್ಲರಿಗಿಂತ ಮೊದಲು ಬಂದವರು ಹುಡುಗನ ಸೋದರಮಾವ. ಬಿಳಿ ಪಂಚೆ, ದಪ್ಪ ಮೀಸೆ, ಹೆಗಲ ಮೇಲೆ ಟವಲು. ಸೀದಾ ನನ್ನ ತೊಟ್ಟಿಯ ಬಳಿ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಏನವ್ವ ಇದು, ಕೋಳೀನ ತೊಟ್ಲಲ್ಲಿ ಮಲಗ್ಸಿದ್ದೀಯ?"

"ಮಲ್ಗಿರ್ಲಿ ಬುಡಿ, ಎದ್ದ್ ಮ್ಯಾಲ ನೋಡೋರಂತೆ" ಎಂದೆ. ನನ್ನ ಬಾಯಿ ಯಾವತ್ತೂ ಸುಮ್ಮನಿರುವುದಿಲ್ಲ.

ಅವರು ನಗಲಿಲ್ಲ. "ನಮ್ಮೂರ್ಲಿ ಅಬ್ಬಕ್ಕ ಗುಡ್ಡೆ ಆಕೋನು ನಾನೇಯ. ಬಾಡು ನೋಡಿದ್ ಕೂಡ್ಲೆ ಯಾರ್ಗ್ ಎಷ್ಟು ಅಂತ ಯೋಳ್ಬುಡ್ತೀನಿ. ನಿನ್ನ್ ಲೆಕ್ಕ ಸರೀಗ್ ಮಡಿಕ್ಕೊ" ಎಂದು ಹೋದರು.

ನನ್ನ ಲೆಕ್ಕ ಸರಿಯಾಗಿಯೇ ಇತ್ತು ಎಂದುಕೊಂಡಿದ್ದೆ. ಇಪ್ಪತ್ತು ಕೋಳಿ, ಎಂಬತ್ತು ಕಾಲ್ಭಾಗ, ಎಂಬತ್ತು ಜನ. ಎರಡು ತೊಟ್ಟಿ ಸೇರಿ ಒಂದು ಸಲಕ್ಕೆ ನಲವತ್ತು ಹಿಡಿಯುತ್ತದೆ. ಮೊದಲ ನಲವತ್ತು ಬಡಿಸುತ್ತಿದ್ದಂತೆ ಎರಡನೆಯ ನಲವತ್ತು ಬೇಯುತ್ತಿರುತ್ತದೆ, ಬಿಸಿಬಿಸಿಯಾಗಿ ಹೋಗಲಿ. ಮೈಸೂರಿನ ಹೋಟೆಲಿನಲ್ಲಿ ಹಾಗೆಯೇ ಅಲ್ಲವೇ, ಆದದ್ದು ಆದ ಹಾಗೆ ತಂದು ಹಾಕುತ್ತಾರೆ. ಬಾಯಿಯ ಲೆಕ್ಕ ಹಾಕಿದ್ದೆ, ಪಂಕ್ತಿಯ ಲೆಕ್ಕ ಹಾಕಿರಲಿಲ್ಲ. ಹುಟ್ಟಿದಾಗಿನಿಂದ ಪಂಕ್ತಿಯಲ್ಲಿ ಕೂತು ಉಂಡವಳು ನಾನು, ಆದರೂ ಅಂದು ನನಗೆ ಹೊಳೆಯಲೇ ಇಲ್ಲ.

ಬೀಗರು ಕೂತರು. ತಂದೆ ಕಡೆಯವರು ಒಂದು ಸಾಲು, ತಾಯಿ ಕಡೆಯವರು ಎದುರು ಸಾಲು, ಅವರವರೇ ಹಾಗೆ ಕೂತಿದ್ದರು. ಉಪ್ಪು, ಈರುಳ್ಳಿ, ನಿಂಬೆಹೋಳು ಎಲೆಗೆ ಬಂತು. ನಾನು ಒಂದೊಂದು ಕಾಲ್ಭಾಗವನ್ನು ದೊನ್ನೆಯಲ್ಲಿಟ್ಟು ನನ್ನ ತೊಟ್ಟಿಯ ಹತ್ತಿರವಿದ್ದ ಸಾಲಿನಿಂದ ಶುರು ಮಾಡಿದೆ. ಅದು ತಂದೆ ಕಡೆಯವರ ಸಾಲು. ನಲವತ್ತು ದೊನ್ನೆಗೆ ಸರಿಯಾಗಿ ಆ ಸಾಲು ಮುಗಿಯಿತು. ಎದುರು ಸಾಲಿನ ಮುಂದೆ ಬರೀ ಎಲೆ.

ಯಾರೂ ಕೈ ಹಾಕಲಿಲ್ಲ. ತೊಡೆ ಬಂದವನು ಪಕ್ಕದವನ ಎದೆಯ ತುಂಡು ನೋಡುತ್ತಿದ್ದ, ಏನೂ ಬರದವರು ಇಬ್ಬರನ್ನೂ ನೋಡುತ್ತಿದ್ದರು.

"ಏನವ್ವಾ ಇದು?" ಸೋದರಮಾವನ ದನಿ ಶಾಮಿಯಾನದ ಆ ತುದಿಗೂ ಕೇಳಿಸಿತು. "ತಂದೆ ಕಡೆಯೋರ್ಗ ಬಾಡು, ತಾಯಿ ಕಡೆಯೋರ್ಗ ಬರೀ ಎಲೆನಾ?"

"ಅಯ್ಯೋ, ಅಂಗಲ್ಲ. ಇನ್ನೊಂದ್ ವಸಿ ವೊತ್ತು ಕಣ್ರೀ. ಬಿಸಿಬಿಸಿ ಬತ್ತಾ ಅದ. ಮೈಸೂರ್ ಓಟ್ಲಲ್ಲೂ ಇಂಗೇಯ…"

"ಓಟ್ಲಿಗ್ ಬಂದಿದ್ದೀವಾ ನಾವು?"

ಅಷ್ಟು ಹೇಳಿ ಎದ್ದೇ ಬಿಟ್ಟರು. ಎಲೆಯ ಮುಂದೆ ಕೂತ ಬೀಗ ಉಣ್ಣದೆ ಎದ್ದರೆ ಅದಕ್ಕಿಂತ ದೊಡ್ಡ ಅವಮಾನ ಆ ಮನೆಗೆ ಇನ್ನೊಂದಿಲ್ಲ. ಅವರ ಅಕ್ಕಪಕ್ಕದ ನಾಲ್ಕು ಜನ ಏಳಲು ನೆಲಕ್ಕೆ ಕೈ ಊರಿದರು. ಗೆಳತಿ ಅಡುಗೆ ಕಡೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಮದುಮಗಳು ನೀರಿನ ಜಗ್ ಹಿಡಿದು ಸಾಲಿನ ತುದಿಯಲ್ಲಿದ್ದಳು, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ತನ್ನ ಆಸೆಯಿಂದ ಹೀಗಾಯಿತಲ್ಲ ಎಂದು ಆ ಮಗು ಜೀವಮಾನವಿಡೀ ಅಂದುಕೊಳ್ಳುತ್ತದೆ.

ಎರಡನೆಯ ನಲವತ್ತು ಆಗಲು ಇನ್ನೂ ಅರ್ಧ ಗಂಟೆ ಬೇಕಿತ್ತು. ಬಡಿಸಿದ ದೊನ್ನೆಯನ್ನು ಬೀಗರ ಮುಂದಿನಿಂದ ನಾನು ವಾಪಸು ಎತ್ತುವ ಹಾಗಿಲ್ಲ, ಅದು ಎದ್ದು ಹೋಗುವುದಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ಅವರು ಜಂಬದಲ್ಲಿ ಹೇಳಿದ ಮಾತು ಆಗ ನೆನಪಾಯಿತು. ಇಕ್ಕಳ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವರ ಮುಂದೆ ಹೋಗಿ ನಿಂತೆ.

"ಎದ್ರಲ್ಲ, ಒಳ್ಳೇದೇ ಆಯ್ತು. ಎದ್ದೋರು ಅಂಗೇ ಇತ್ತಗ್ ಬನ್ನಿ. ತಪ್ಪು ನಂದು, ಈ ಮನೆಯೋರ್ದಲ್ಲ. ನಂಗ ಸುಡಕ್ಕ ಬತ್ತದ, ಪಾಲ್ ಮಾಡಕ್ಕ ಬರಲ್ಲ. ನೀವೇ ಗುಡ್ಡೆ ಆಕ್ಕೊಡಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಟವಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಬಿಗಿದರು.

"ಕೊರಡು ಅದಾ?"

ಬಾಡು ಕೊಚ್ಚುವ ಹುಣಸೆ ಕೊರಡು ಅಡುಗೆಯವರ ಬಳಿ ಇತ್ತು. ನಮ್ಮೆಜಮಾನರು ಒಂದೇ ಉಸಿರಿಗೆ ಹೊತ್ತು ತಂದರು. ಸೋದರಮಾವ ತಂದೆ ಕಡೆಯ ಸಾಲಿಗೆ ತಿರುಗಿ, "ಯಾರೂ ಕೈ ಆಕಿಲ್ಲ ತಾನೆ?" ಎಂದು ಕೇಳಿದರು. ಪಂಕ್ತಿಗೆಲ್ಲ ಬೀಳುವವರೆಗೆ ಯಾರೂ ಎಲೆಗೆ ಕೈ ಹಾಕುವುದಿಲ್ಲ ಎನ್ನುವ ಪದ್ಧತಿಯಿಂದ ಸಿಕ್ಕಿಬಿದ್ದಿದ್ದೆ, ಅದೇ ಪದ್ಧತಿ ನನ್ನನ್ನು ಉಳಿಸಿತು. "ಇಲ್ಲ, ಎತ್ಕೊ ಓಗಿ" ಎಂದು ಹುಡುಗನ ತಂದೆಯೇ ಮೊದಲ ದೊನ್ನೆ ಎತ್ತಿ ಕೊಟ್ಟರು. ಆ ಮಾತಿಗೆ ನಾನು ಇಂದಿಗೂ ಋಣಿ.

"ಎಲ್ಲಾನೂ ಸಣ್ಣುಕ್ ಕೊಚ್ಚು. ತೊಡೆ ಮೂರು, ಎದೆ ಮೂರು. ರೆಕ್ಕೆ ಬ್ಯಾರೆ, ಬೆನ್ನು ಬ್ಯಾರೆ, ಅವೂ ಮೂರ್ಮೂರೇಯ" ಎಂದರು ಸೋದರಮಾವ. ಕೊಚ್ಚಿದೆ. ತೊಟ್ಟಿಯಲ್ಲಿ ಅರೆಬೆಂದಿದ್ದ ನಲವತ್ತನ್ನೂ ಇಳಿಸಿ ಕೊಚ್ಚಿದೆ. ಕೆಂಡವನ್ನು ಪೂರ್ತಿ ಹರಡಿ ಆ ಸಣ್ಣ ತುಂಡುಗಳನ್ನು ಜಾಲರಿಗೆ ಹರವಿದರೆ ಹತ್ತೇ ನಿಮಿಷದಲ್ಲಿ ಬೆಂದು ಕೆಂಪಗಾದವು. ಅಂಚೆಲ್ಲ ಗರಿಗರಿ, ಮಸಾಲೆಯೂ ಚೆನ್ನಾಗಿ ಹಿಡಿದಿತ್ತು. ಮಾಡಬೇಕಾದ ರೀತಿಯೇ ಇದು ಎಂದು ಮಾಡುವಾಗಲೇ ಗೊತ್ತಾಯಿತು.

ಅವರು ಟಾರ್ಪಾಲಿನ ಮೇಲೆ ಎಂಬತ್ತು ದೊನ್ನೆ ಸಾಲಾಗಿ ಇಡಿಸಿದರು. ಮೊದಲು ಎಲ್ಲದಕ್ಕೂ ತೊಡೆಯ ತುಂಡು, ಆಮೇಲೆ ಎದೆ, ರೆಕ್ಕೆ, ಬೆನ್ನು, ದೊಡ್ಡದು ಬಿದ್ದಲ್ಲಿಗೆ ಮುಂದಿನ ಸಲ ಚಿಕ್ಕದು. ಅಡುಗೆಯವರಿಗೆಂದು ನಾನು ಕಡ್ಡಿಗೆ ಚುಚ್ಚಿ ಸುಟ್ಟಿದ್ದ ಇಪ್ಪತ್ತು ಲಿವರುಗಳನ್ನೂ ಕೇಳಿ ಇಸಿದುಕೊಂಡು, ಒಂದೊಂದನ್ನು ನಾಲ್ಕು ಚೂರು ಮಾಡಿದರು. ಕೊನೆಯದೊಂದನ್ನು ಐದು ಮಾಡಿದರು. ಯಾಕೆಂದು ನನಗೆ ಹೊಳೆಯಲಿಲ್ಲ. ಎಲ್ಲ ಹಾಕಿದ ಮೇಲೆ ಸಾಲಿನ ಉದ್ದಕ್ಕೂ ನಡೆದು, ಇಲ್ಲಿಂದ ಒಂದು ಎತ್ತಿ ಅಲ್ಲಿಗೆ ಹಾಕಿ, ಕಣ್ಣಳತೆಯಲ್ಲೇ ಸಮ ಮಾಡಿದರು. ಕೂತವರು ಕತ್ತು ಉದ್ದ ಮಾಡಿಕೊಂಡು ನೋಡುತ್ತಿದ್ದರು. ಒಬ್ಬ ಮುದುಕ, "ಮಾವ, ಅಲ್ಲೊಂದ್ ಕಮ್ಮಿ ಬಿದ್ದದ" ಎಂದು ಕೂಗಿದ, "ಅದು ನಿಂದೇ ಕಣ್ಲಾ" ಎಂದರು ಇವರು. ಶಾಮಿಯಾನವೆಲ್ಲ ನಕ್ಕಿತು. ಆ ನಗು ಕೇಳಿ ಗೆಳತಿ ಬಾಯಿಂದ ಸೆರಗು ತೆಗೆದಳು.

"ಇನ್ನೊಂದ್ ದೊನ್ನೆ ಕೊಡು" ಎಂದರು ನನಗೆ.

"ಎಂಬತ್ತು ಆಯ್ತಲ್ಲ. ಕೂತಿರೋರು ಎಂಬತ್ತೇಯ."

"ನಂಗೂ ಎಣಿಸಕ್ಕ ಬತ್ತದ. ಕೊಡು."

ಆ ದೊನ್ನೆಗೂ ಅಲ್ಲಿಂದ ಇಲ್ಲಿಂದ ತುಂಡು ಸೇರಿಸಿ ಸಮ ಮಾಡಿ ಪಕ್ಕಕ್ಕಿಟ್ಟರು. ಎರಡೂ ಸಾಲಿಗೆ ಎರಡೂ ತುದಿಯಿಂದ ಒಟ್ಟಿಗೇ ಬಡಿಸಿದೆವು. ಎಂಬತ್ತರಲ್ಲಿ ಕೊನೆಗೆ ಉಳಿದದ್ದನ್ನು ಅವರು ತಮ್ಮ ಎಲೆಗೆ ಎತ್ತಿಕೊಂಡರು. ಟಾರ್ಪಾಲಿನ ಮೇಲೆ ಆ ಒಂದು ಹಾಗೇ ಇತ್ತು.

"ಇದ್ಯಾರ್ದು?" ಎಂದೆ.

"ಸುಟ್ಟೋರ್ದು."

"ಸುಟ್ಟೋರ್ಗ ಗುಡ್ಡೆ ಇರ್ತದಾ?"

ಅವರು ಕೂತು ಎಲೆ ಸರಿಮಾಡಿಕೊಳ್ಳುತ್ತಾ ಹೇಳಿದರು: "ಮೊದ್ಲು ಇರ್ನಿಲ್ಲ. ನಾನ್ ಗುಡ್ಡೆ ಆಕಕ್ಕ ಕುಂತ್ ಮ್ಯಾಲ ಅದ. ಎಲ್ರಿಗಿಂತ ಜಾಸ್ತಿ ಒಗೆ ಕುಡ್ದೋರ್ಗ ಒಂದ್ ಪಾಲ್ ಇಲ್ದಿದ್ರ ಅದೆಂಥಾ ಗುಡ್ಡೆ?"

ತೊಟ್ಟಿಯ ಕಡೆ ತಿರುಗಿಕೊಂಡು ಕೆಂಡ ಕೆದಕಿದೆ. ಅಳು ಬಂತು, ಹೊಗೆಯ ನೆಪ ಇತ್ತು, ಚೆನ್ನಾಗಿ ಅತ್ತೆ.

ಎರಡನೆಯ ಪಂಕ್ತಿಗೆಂದು ಬೇರೆ ನೆನೆಸಿಟ್ಟಿದ್ದ ಕೋಳಿಗಳನ್ನು ಮೊದಲಿನಿಂದಲೇ ಕೊಚ್ಚಿ, ಗುಡ್ಡೆ ಹಾಕಿ, ಎಲ್ಲ ಆದ ಮೇಲೆಯೇ ಬಡಿಸಿದೆವು. ಸೋದರಮಾವ ಕೈ ತೊಳೆದು ಬಂದು ಅದಕ್ಕೂ ನಿಂತರು. ಹೊರಡುವಾಗ ಮದುಮಗಳನ್ನು ಕರೆದು, "ನೀನ್ ಆಸೆ ಪಟ್ಟಿದ್ದು ನಮ್ಗೂ ರುಚಿ ಆಯ್ತು ಕಣವ್ವ. ಮುಂದಿನ್ ಅಬ್ಬಕ್ಕ ನಮ್ಮೂರ್ಗೂ ಈಯಮ್ಮನ್ನೇ ಕರ್ಸಾನ" ಎಂದರು. ಹುಡುಗಿಯ ಮುಖಕ್ಕೆ ರಕ್ತ ಬಂತು. ಗೆಳತಿ ನನ್ನ ಬೆನ್ನಿಗೊಂದು ಗುದ್ದಿ, "ಪಾಪಿ, ನನ್ ಜೀವ ತಗ್ದಿದ್ದೆ" ಎಂದು ತಬ್ಬಿಕೊಂಡಳು. ಅಂದಿನಿಂದ ಯಾರೇ ಫೋನ್ ಮಾಡಿ ಆರ್ಡರ್ ಹೇಳಲಿ, ಒಂದು ಪಂಕ್ತಿಗೆ ಎಷ್ಟು ಜನ ಎಂದು ಮೊದಲು ಕೇಳುತ್ತೇನೆ. ದೊನ್ನೆ ಒಂದು ಹೆಚ್ಚಿಗೆ ಇಡುತ್ತೇನೆ. ಆ ಮನೆಯಲ್ಲಿ ಪಾತ್ರೆ ಉಜ್ಜುವವರಿಗೋ ಎಲೆ ಎತ್ತುವವರಿಗೋ ಅದು ಹೋಗುತ್ತದೆ.

ಸಂಜೆ ನಂಜನಗೂಡಿಗೆ ಬಂದಾಗ ಅವ್ವ ಜಗುಲಿಯ ಮೇಲೆ ಕೂತಿದ್ದಳು. ದೊನ್ನೆಯನ್ನು ಅವಳ ಮುಂದಿಟ್ಟೆ.

"ಉಳ್ದಿದ್ದಾ?" ಎಂದಳು.

"ಉಳ್ದಿದ್ದಲ್ಲ ಕಣವ್ವ. ಗುಡ್ಡೆ. ಸುಟ್ಟೋರ್ ಪಾಲು."

ಅವಳು ನಂಬಲಿಲ್ಲ. ಬೆರಳಿನಿಂದ ಒಂದೊಂದೇ ತುಂಡು ಸರಿಸಿ ನೋಡಿದಳು. ತೊಡೆ, ಎದೆ, ರೆಕ್ಕೆ, ಬೆನ್ನು. ತಳದಲ್ಲಿ ಲಿವರಿನ ಚೂರು ಸಿಕ್ಕಿತು. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಇದ್ದ ಜಾಗದಲ್ಲೇ ಇಟ್ಟಳು.

"ಎಲ್ಲಾನೂ ಅದ ಕಣವ್ವ" ಎಂದಳು.

ಆಮೇಲೆ ಒಳಗೆ ಹೋಗಿ ಕೈಕಾಲು ತೊಳೆದು ಬಂದು, ಪಂಕ್ತಿಯಲ್ಲಿ ಕೂರುವವರ ಹಾಗೆ ಕಾಲು ಮಡಿಸಿ ನೆಟ್ಟಗೆ ಕೂತು, ದೊನ್ನೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.